ಅಪ್ಪಯ್ಯ ಬರೆದಿಟ್ಟ ಉಯಿಲು: ವಕೀಲರಿಗೆ ನಮ್ಮ ಪ್ರಶ್ನೆಗಳು

ಪ್ರಶ್ನೆ (ಕುಮಟಾದಿಂದ): ನಮಸ್ಕಾರ ಸರ್. ನನ್ನ ತವರು ಶಿರಸಿ ಹತ್ತಿರ. ಆಯಿ ಮೊದಲೇ ತೀರಿಕೊಂಡಿದ್ದಳು, ಅಪ್ಪಯ್ಯ ಹೋದ ಮಳೆಗಾಲದಲ್ಲಿ ಹೋದರು. ಈಗ ತಮ್ಮ ಒಂದು ಉಯಿಲು ತೋರಿಸುತ್ತಿದ್ದಾನೆ. ಬಿಳಿ ಹಾಳೆ, ಅಪ್ಪಯ್ಯನ ಸಹಿ, ಇಬ್ಬರು ಸಾಕ್ಷಿಗಳ ಸಹಿ. ರಿಜಿಸ್ಟರ್ ಆಗಿಲ್ಲ. ಅಡಿಕೆ ತೋಟ ಪೂರ್ತಿ ಅವನಿಗೇ ಅಂತ ಬರೆದಿದೆ. ಅಣ್ಣನಿಗೂ ಇಲ್ಲ, ನನಗೂ ಇಲ್ಲ. ಇದು ನಡೆಯುತ್ತಾ?

ಉತ್ತರ: ರಿಜಿಸ್ಟರ್ ಆಗಿಲ್ಲ ಅನ್ನುವ ಒಂದೇ ಕಾರಣಕ್ಕೆ ಉಯಿಲು ಬಿದ್ದು ಹೋಗುವುದಿಲ್ಲ ತಂಗಿ. ಛಾಪಾ ಕಾಗದವೂ ಬೇಡ. ಬೇಕಾದದ್ದು ಇಬ್ಬರು ಸಾಕ್ಷಿಗಳು. ಬರೆದವರು ಸಹಿ ಮಾಡುವುದನ್ನು ಅವರು ಕಣ್ಣಾರೆ ನೋಡಿರಬೇಕು, ಇಲ್ಲವೇ 'ಇದು ನನ್ನದೇ ಸಹಿ' ಅಂತ ಬರೆದವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಬರೆದವರ ಎದುರಿಗೇ ತಾವು ಸಹಿ ಹಾಕಿರಬೇಕು. ವ್ಯಾಜ್ಯ ಬಂದರೆ ಇಬ್ಬರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಇದನ್ನು ಹೇಳಬೇಕು.

ಉಯಿಲು ಸೋಲುವುದು ಜಾಸ್ತಿ ಇಲ್ಲೇ. ನಾನು ನಡೆಸಿದ ಒಂದು ಕೇಸಿನಲ್ಲಿ ಸಾಕ್ಷಿ ವಯಸ್ಸಾದವರು, ಸುಳ್ಳು ಹೇಳುವವರಲ್ಲ. ಕಟಕಟೆ ಹಿಡಿದು ನಿಂತು ಹೇಳಿದರು: 'ಕಾಗದ ನಮ್ಮನೆಗೆ ತಂದರು. ಚಾ ಕುಡಿದು ಸಹಿ ಹಾಕಿ ಕೊಟ್ಟೆ. ಅವರು ಸಹಿ ಮಾಡಿದ್ದು ನಾ ನೋಡಲಿಲ್ಲ, ಅವರು ಅಲ್ಲಿರಲೂ ಇಲ್ಲ.' ಅಷ್ಟಕ್ಕೇ ಉಯಿಲು ಮುಗಿಯಿತು. ಬರೆದವರ ಮನಸ್ಸಿನಲ್ಲಿ ಇದ್ದದ್ದು ಅದೇ ಅಂತ ಎಲ್ಲರಿಗೂ ಗೊತ್ತಿತ್ತು. ನನಗೆ ಇವತ್ತಿಗೂ ಬೇಜಾರಾಗುತ್ತದೆ. ಅದಕ್ಕೇ ಹೇಳುವುದು, ಬರೆಸುವವರು ತಮಗಿಂತ ಚಿಕ್ಕ ವಯಸ್ಸಿನ ಸಾಕ್ಷಿ ಹಾಕಿಸಿ. ಆಸ್ತಿ ಸಿಗುವವರನ್ನೇ ಸಾಕ್ಷಿ ಮಾಡಬೇಡಿ.

ಆದರೆ ನಿಮ್ಮ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆಯೇ ಇದೆ. ಆ ತೋಟ ಅಪ್ಪಯ್ಯನ ಸ್ವಂತದ್ದಾ, ಹಿರಿಯರದ್ದಾ? ಸ್ವಂತ ದುಡಿಮೆಯದಾದರೆ ಯಾರಿಗೆ ಬೇಕಾದರೂ ಬರೆಯಬಹುದು. ಪಿತ್ರಾರ್ಜಿತವಾದರೆ ಅಪ್ಪಯ್ಯ ಅವರ ಸ್ವಂತ ಪಾಲನ್ನಷ್ಟೇ ಬರೆಯಬಹುದು. ಸುಲಭದ ಲೆಕ್ಕ ಹಿಡಿದರೆ ಅಪ್ಪಯ್ಯ, ಇಬ್ಬರು ಗಂಡುಮಕ್ಕಳು, ನೀವು, ಒಟ್ಟು ನಾಲ್ಕು ಪಾಲು. ಅಪ್ಪಯ್ಯನ ಕಾಲು ಭಾಗ ಮಾತ್ರ ಉಯಿಲಿನಿಂದ ತಮ್ಮನಿಗೆ ಹೋಗುತ್ತದೆ. ನಿಮ್ಮ ಕಾಲು ನಿಮ್ಮದೇ. ಮದುವೆಯಾಗಿ ಹೋದವಳು ಅನ್ನುವ ಮಾತು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ನಡೆಯುವುದಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಪಾಲುಪಟ್ಟಿ ಆಗಿದ್ದರೆ ಬೇರೆ ಮಾತು.

ಇನ್ನೊಂದು. ಅಜ್ಜನಿಂದ ಬಂತು ಅಂದ ಮಾತ್ರಕ್ಕೆ ಪಿತ್ರಾರ್ಜಿತ ಆಗುವುದಿಲ್ಲ. ಅದು ಅಜ್ಜನ ಸ್ವಂತ ಗಳಿಕೆಯಾಗಿದ್ದು, ಅಜ್ಜ 1956ರಲ್ಲಿ ಇದೇ ಕಾಯ್ದೆ ಬಂದ ಮೇಲೆ ತೀರಿಕೊಂಡಿದ್ದರೆ, ಅಪ್ಪಯ್ಯನಿಗೆ ಬಂದ ಪಾಲು ಅವರ ಸ್ವಂತ ಆಸ್ತಿ. ಅಜ್ಜ ಯಾವಾಗ ಹೋದರು, ತೋಟ ಯಾರು ಮಾಡಿದ್ದು, ಕೇಳಿ ತಿಳಿಸಿ.

ಪ್ರಶ್ನೆ (ಕಾರವಾರದಿಂದ): ಬಾಬಾ ಇಲ್ಲೇ ಮೃತ್ಯುಪತ್ರ (ಉಯಿಲು) ಬರೆದಿದ್ದಾರೆ, ಮನೆಯೂ ಇಲ್ಲೇ. ಮುಂಬೈಯ ಮಾವ 'ಪ್ರೊಬೇಟ್ ಮಾಡಿಸಲೇಬೇಕು, ಅಂದರೆ ಅದು ಸರಿಯಿದೆ ಅಂತ ಕೋರ್ಟಿನಿಂದ ದೃಢಪಡಿಸಿಕೊಳ್ಳಲೇಬೇಕು' ಅಂತಾರೆ.

ಉತ್ತರ: ಬೇಕಾಗಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆ 1956ರ ತನಕ ಮುಂಬೈ ರಾಜ್ಯದಲ್ಲಿತ್ತು ಅಲ್ವಾ, ಗೊಂದಲ ಅಲ್ಲಿಂದ ಬಂದದ್ದು. ಹಿಂದೂಗಳಿಗೆ ಕಡ್ಡಾಯ ಇದ್ದದ್ದು ಮುಂಬೈ, ಮದ್ರಾಸ್ ನಗರಗಳ ವ್ಯಾಪ್ತಿಗೆ ಮತ್ತು ಹಳೆಯ ಬಂಗಾಳಕ್ಕೆ. ಕಾರವಾರದಲ್ಲಿ ಬರೆದು, ಕಾರವಾರದ್ದೇ ಮನೆಯಾದರೆ ಆ ನಿಯಮ ಮುಟ್ಟುವುದಿಲ್ಲ. ಮೃತ್ಯುಪತ್ರ, ಮರಣ ಪ್ರಮಾಣಪತ್ರ ಇಟ್ಟು ಖಾತೆ ಬದಲಾವಣೆಗೆ ಅರ್ಜಿ ಕೊಡಿ.

ಪ್ರಶ್ನೆ (ಅಂಕೋಲಾದಿಂದ): ಬ್ಯಾಂಕ್ ಠೇವಣಿಗೆ ನಾಮಿನಿ ನಾನೊಬ್ಬನೇ. ಹಣ ನನ್ನದೇ ಅಲ್ವಾ?

ಉತ್ತರ: ಬ್ಯಾಂಕು ನಿಮ್ಮ ಕೈಗೇ ಕೊಡುತ್ತದೆ. ಆದರೆ ನಾಮಿನಿ ಅಂದರೆ ವಾರಸುದಾರರ ಪರವಾಗಿ ಹಣ ತೆಗೆದುಕೊಳ್ಳುವವನು, ಒಡೆಯನಲ್ಲ. ಉಯಿಲಿದ್ದರೆ ಅದರಂತೆ, ಇಲ್ಲದಿದ್ದರೆ ವಾರಸುದಾರರಿಗೆಲ್ಲ ಹಂಚಬೇಕು.

ಪ್ರಶ್ನೆ (ಹೊನ್ನಾವರದಿಂದ): ಅತಿಕ್ರಮಣದ ಜಾಗ ಮಗನ ಹೆಸರಿಗೆ ಉಯಿಲು ಬರೆಯಬಹುದಾ?

ಉತ್ತರ: ಪಟ್ಟಾ ಇಲ್ಲದ ಅರಣ್ಯ ಜಾಗ ಸರ್ಕಾರದ್ದು. ನಮ್ಮದಲ್ಲದ್ದನ್ನು ಬರೆದು ಕೊಡಲು ಬರುವುದಿಲ್ಲ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಪತ್ರ ಸಿಕ್ಕಿದ್ದರೆ ಅದು ವಾರಸುದಾರರಿಗೆ ಹೋಗುತ್ತದೆ. ಮಾರಲು, ಬೇರೆಯವರಿಗೆ ವರ್ಗಾಯಿಸಲು ಆಗುವುದಿಲ್ಲ. ತೋಟದವರು ಗೊಬ್ಬರಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನ ಬೆಟ್ಟವೂ ಸರ್ಕಾರದ್ದೇ. ಅನುಭವಿಸುವ ಸವಲತ್ತು ಮಾತ್ರ ತೋಟಕ್ಕೆ ಅಂಟಿಕೊಂಡಿದೆ.

ಮೊದಲ ಪ್ರಶ್ನೆಯವರು: ಸರ್, ದೊಡ್ಡಪ್ಪನ ಹತ್ತಿರ ಕೇಳಿದೆ. ಅಜ್ಜ ಹೋದದ್ದು 1971. ತೋಟ ಮುತ್ತಜ್ಜನ ಕಾಲದ್ದಂತೆ. ತಮ್ಮ ಆಗಲೇ ಖಾತೆಗೆ ಅರ್ಜಿ ಹಾಕಿದ್ದಾನೆ.

ಉತ್ತರ: ಹಾಗಾದರೆ ದೊಡ್ಡಪ್ಪನ ಪಾಲು ಯಾವಾಗ, ಹೇಗೆ ಬೇರೆಯಾಯಿತು ಅನ್ನುವುದೂ ಬೇಕು. ಲೆಕ್ಕ ನಾನು ಹೇಳಿದಷ್ಟು ಸುಲಭ ಇರುವುದಿಲ್ಲ, ಆದರೆ ನಿಮ್ಮ ಪಾಲೇ ಇಲ್ಲ ಅನ್ನುವಂತಿಲ್ಲ. ತಡ ಮಾಡದೆ ತಹಶೀಲ್ದಾರರಿಗೆ ಲಿಖಿತ ತಕರಾರು ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಖಾತೆ ತಮ್ಮನ ಹೆಸರಿಗೆ ಆಗಿಯೇ ಬಿಟ್ಟರೂ ಹೆದರಬೇಡಿ. ಪಹಣಿಯಲ್ಲಿ ಹೆಸರು ಬಂದರೆ ಅದೊಂದರಿಂದಲೇ ಹಕ್ಕು ಬರುವುದಿಲ್ಲ, ಅದನ್ನು ತೀರ್ಮಾನಿಸುವುದು ಸಿವಿಲ್ ಕೋರ್ಟು. ದಾವೆಗೆ ಮೊದಲು ಅಣ್ಣನನ್ನೂ ಕರೆದುಕೊಂಡು ಒಮ್ಮೆ ತಮ್ಮನ ಜೊತೆ ಕೂತು ಮಾತಾಡಿ. 1971ರ ನಂತರದ ಖಾತೆ ಬದಲಾವಣೆಯ ನಕಲುಗಳನ್ನು ತಾಲ್ಲೂಕು ಕಚೇರಿಯಿಂದ ತೆಗೆಸಿ ತನ್ನಿ. ನೋಡಿ ಹೇಳುತ್ತೇನೆ.