ಏಳನೇ ತರಗತಿ ಮಕ್ಕಳಿಗೆ ಸಂವಿಧಾನ: ಸರ್ಕಾರ ತಪ್ಪು ಮಾಡಿದರೆ ಕೇಳೋರು ಯಾರು?

ಹೊಸನಗರದ ಟೀಚರ್:
ನಮಸ್ಕಾರ. ಸರ್ಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಅಂತ ಮಕ್ಕಳು ಪಟಪಟ ಹೇಳುತ್ತಾರೆ. ಸಂವಿಧಾನ ಅಂಗೀಕಾರವಾದ 1949ರ ನವೆಂಬರ್ 26, ಜಾರಿಗೆ ಬಂದ 1950ರ ಜನವರಿ 26 ಎರಡೂ ಬಾಯಿಪಾಠ. ಮೊನ್ನೆ ಒಬ್ಬಳು ಹುಡುಗಿ ಕೇಳಿದಳು: "ಟೀಚರ್, ಕಾನೂನು ಮಾಡೋದೇ ಸರ್ಕಾರ. ಹಂಗಾರೆ ಸರ್ಕಾರನೇ ತಪ್ಪು ಮಾಡಿದ್ರೆ ಕೇಳೋರು ಯಾರು?" ಕೋರ್ಟು ಅಂದೆ. "ಕೋರ್ಟೂ ಸರ್ಕಾರದ್ದೇ ಅಲ್ವಾ?" ಅಂದಳು. ಇಷ್ಟು ಒಳ್ಳೆಯ ಪ್ರಶ್ನೆಗೆ ಹಾರಿಕೆ ಉತ್ತರ ಕೊಡಲು ಮನಸ್ಸಿಲ್ಲ. ನಮ್ಮ ಕಡೆ ಮಕ್ಕಳಿಗೆ ಕಣ್ಣಿಗೆ ಕಟ್ಟುವ ಹಾಗೆ ಹೇಗೆ ಹೇಳಲಿ?

ಸಾಗರದ ನಿವೃತ್ತ ಮೇಷ್ಟ್ರು:
ಮೇಡಂ, ದಿಲ್ಲಿಯಿಂದ ಶುರು ಮಾಡಬೇಡಿ, ನಮ್ಮ ಸಾಗರದ ಕಾಗೋಡು ಹಳ್ಳಿಯಿಂದ ಮಾಡಿ. 1951ರ ಸತ್ಯಾಗ್ರಹದ ಹಿಂದೆ ಇದ್ದದ್ದು ಭತ್ತ ಅಳೆಯುವ ಕೊಳಗದ ಜಗಳ. ಜಮೀನಿನ ಒಡೆಯರು ಗೇಣಿ ಭತ್ತವನ್ನು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದರು. ಸರಿಯಾದ ಕೊಳಗ ಬಳಸಿ ಅಂತ ಗೇಣಿದಾರರು ಕೇಳಿದರು. ರೈತ ನಾಯಕ ಎಚ್. ಗಣಪತಿಯಪ್ಪ ಮುಂದೆ ನಿಂತರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಳತೆ ಗೊತ್ತು ಮಾಡುವವರು ಒಡೆಯರು, ಅಳೆದುಕೊಳ್ಳುವವರೂ ಅವರೇ, ತಕರಾರಿದ್ದರೆ ಹೋಗಿ ನಿಲ್ಲಬೇಕಾದದ್ದೂ ಅವರ ಜಗಲಿ ಮುಂದೆಯೇ. ನಿಮ್ಮ ಪಾಠ ಪೂರ್ತಿ ಇದರಲ್ಲೇ ಇದೆ.

ಕ್ಲಾಸಿಗೆ ಎರಡು ಬೇರೆ ಬೇರೆ ಅಳತೆಯ ಪಾತ್ರೆ, ಒಂದು ಬುಟ್ಟಿ ಭತ್ತ ತರಿಸಿ. ಮೊದಲು ಒಬ್ಬನೇ ಹುಡುಗ ನಿಯಮ ಮಾಡಲಿ, ಅಳೆಯಲಿ, ದೂರನ್ನೂ ಕೇಳಲಿ. ಆಮೇಲೆ ಮೂರು ಕೆಲಸ ಮೂವರಿಗೆ ಹಂಚಿ: ನಿಯಮ ಮಾಡುವವನು ಶಾಸಕಾಂಗ, ಅಳೆಯುವವನು ಕಾರ್ಯಾಂಗ, ದೂರು ಕೇಳುವವನು ನ್ಯಾಯಾಂಗ. ಅಳೆಯುವವನು ತಾನಾಗಿ ಪಾತ್ರೆ ಬದಲಾಯಿಸುವ ಹಾಗಿಲ್ಲ ಅನ್ನೋದನ್ನು ಮಕ್ಕಳೇ ಗಲಾಟೆ ಮಾಡಿ ಕಂಡುಕೊಳ್ಳುತ್ತಾರೆ. ನೀವು ಸುಮ್ನೆ ನೋಡುತ್ತಿರಿ.

ಇನ್ನೊಂದನ್ನು ಮುಚ್ಚಿಡಬೇಡಿ. ಆಗ ಸಂವಿಧಾನ ಜಾರಿಗೆ ಬಂದು ವರ್ಷ ದಾಟಿತ್ತು. ಕಾನೂನಿನ ಮುಂದೆ ಎಲ್ಲರೂ ಸಮಾನರು ಅಂತ 14ನೇ ವಿಧಿ ಹೇಳಿಯೂ ಆಗಿತ್ತು. ಆದರೂ ಜನ ಜೈಲಿಗೆ ಹೋಗಬೇಕಾಯಿತು. ಉಳುವವನಿಗೆ ಭೂಮಿ ಅನ್ನೋದು ಬಲವಾಗಿ ಜಾರಿಗೆ ಬಂದದ್ದು ರಾಜ್ಯದ ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯಿಂದ.

ಶಿವಮೊಗ್ಗದ ವಕೀಲ:
ಆ ಹುಡುಗಿಯ ಎರಡನೇ ಪ್ರಶ್ನೆಗೆ ನೇರ ಉತ್ತರ: ಜಡ್ಜ್ ಸಂಬಳ ಸರ್ಕಾರದ ಖಜಾನೆಯಿಂದಲೇ ಬರುತ್ತದೆ. ಆದರೆ ತೀರ್ಪು ಹಿಡಿಸಲಿಲ್ಲ ಅಂತ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯನ್ನು ಪ್ರಧಾನಿ ಕೆಲಸದಿಂದ ತೆಗೆಯುವ ಹಾಗಿಲ್ಲ. ದುರ್ನಡತೆ ಅಥವಾ ಅಸಾಮರ್ಥ್ಯ ರುಜುವಾಗಬೇಕು, ಸಂಸತ್ತಿನ ಎರಡೂ ಸದನಗಳಲ್ಲಿ ವಿಶೇಷ ಬಹುಮತ ಬೇಕು.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕಿದ್ದರೆ ಬೊಮ್ಮಾಯಿ ಪ್ರಕರಣ ಹೇಳಿ. 1989ರಲ್ಲಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಸದನದಲ್ಲಿ ಬಹುಮತ ತೋರಿಸುತ್ತೇನೆ ಅಂದರೂ ಅವಕಾಶ ಸಿಗಲಿಲ್ಲ, ಕೇಂದ್ರದಿಂದ ಅವರ ಸರ್ಕಾರ ವಜಾ ಆಯಿತು. ಬಹುಮತದ ಲೆಕ್ಕ ಆಗಬೇಕಾದದ್ದು ಸದನದಲ್ಲಿ ಅಂತ 1994ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿತು.

ತೀರ್ಥಹಳ್ಳಿ ಕಡೆಯ ಪಂಚಾಯ್ತಿ ಸದಸ್ಯೆ:
ಟೀಚರ್, ಪಾಠ ಆದಮೇಲೆ ಅವರನ್ನ ಮಕ್ಕಳ ಗ್ರಾಮಸಭೆಗೂ ಕರ್ಕೊಂಡು ಬನ್ನಿ. ನಮ್ಮಲ್ಲಿ ಒಬ್ಬ ಹುಡುಗ ಹಳ್ಳಕ್ಕೆ ಕಾಲುಸಂಕ (ನಡೆದು ದಾಟುವ ಸಣ್ಣ ಸೇತುವೆ) ಕೇಳಿದ. ಅಧ್ಯಕ್ಷರು ಈಗಲೇ ದುಡ್ಡು ಕೊಡಲಿ ಅಂದ. ಅವರೊಬ್ಬರೇ ಕೊಡೋಕಾಗಲ್ಲ ಮಗಾ, ಸಭೆಯಲ್ಲಿ ನಿರ್ಣಯ ಆಗಬೇಕು, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಸಹಿ ಬೇಕು, ಖರ್ಚಾದ ಲೆಕ್ಕವನ್ನು ಊರವರ ಮುಂದೆ ಇಡಬೇಕು ಅಂದೆ. ನಿರ್ಣಯದ ಪುಸ್ತಕ ಅವನ ಕೈಗೇ ಕೊಟ್ಟೆ. ಹಳ್ಳದ ಹೆಸರು ತಪ್ಪಾಗಿದೆ ಅಂತ ಅವನೇ ತೋರಿಸಿದ, ತಿದ್ದಿಸಿದೆವು.

ಹೊಸನಗರದ ಟೀಚರ್:
ಎಲ್ಲರಿಗೂ ವಂದನೆ. ಮುಂದಿನ ವಾರವೇ ಭತ್ತ ಅಳೆಸುತ್ತೇನೆ. ಸೇರು, ಪಾವು ನಮ್ಮ ಮನೆಯಲ್ಲೇ ಇವೆ. ಹೊಸನಗರ, ರಿಪ್ಪನ್‌ಪೇಟೆ ಕಡೆ ಯಾರ ಮನೆಯಲ್ಲಾದರೂ ಹಳೇ ಕೊಳಗ ಇದ್ದರೆ ತಿಳಿಸಿ. ನಾನೇ ಬಂದು ತಗೊಂಡು, ಜೋಪಾನವಾಗಿ ವಾಪಸ್ ತಂದುಕೊಡುತ್ತೇನೆ.