‘ಎಸ್ಕೇಪ್’ ಎಂಬುದಕ್ಕೆ ಯಾವ ಪದ? ತಪ್ಪಿಸಿಕೊ, ಪಾರಾಗು, ಪರಾರಿ, ಪಲಾಯನ

ಎಲ್ಲರಿಗೂ ನಮಸ್ಕಾರ.

ಅನುವಾದಕ್ಕೆ ಬಂದಿರುವ ಒಂದೇ ಕಡತದಲ್ಲಿ ಇಂಗ್ಲಿಷಿನ ‘ಎಸ್ಕೇಪ್’ ಆರು ಕಡೆ, ಆರು ಅರ್ಥದಲ್ಲಿ ಬಂದಿದೆ. ಕೈದಿ ಜೈಲಿನಿಂದ ಹೋದದ್ದು, ಅಪಘಾತದಲ್ಲಿ ಚಾಲಕ ಬದುಕಿದ್ದು, ಕೊಳವೆಯಿಂದ ಅನಿಲ ಹೊರಬಂದದ್ದು, ರಾಕೆಟ್ಟಿನ ವೇಗ, ಕೀಲಿಮಣೆಯ ಗುಂಡಿ, ಕಟ್ಟಡದ ಹಿಂದಿನ ಮೆಟ್ಟಿಲು. ಎಲ್ಲ ಕಡೆಯೂ ‘ತಪ್ಪಿಸಿಕೊಳ್ಳುವಿಕೆ’ ಎಂದು ಹಾಕಿದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಮುಖ್ಯವಾಗಿ ಎರಡು ಪ್ರಶ್ನೆ. ‘ಪಾರಾದ’, ‘ಪರಾರಿಯಾದ’, ‘ತಪ್ಪಿಸಿಕೊಂಡ’ ಇವನ್ನು ಒಂದರ ಬದಲು ಇನ್ನೊಂದು ಬಳಸಬಹುದೇ? ಬೆಂಗಳೂರಿನ ಮಾತಿನಲ್ಲಿರುವ ‘ಎಸ್ಕೇಪ್ ಆದ’ ಬರವಣಿಗೆಗೂ ಬರಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

*

ಒಂದರ ಬದಲು ಇನ್ನೊಂದನ್ನು ಬಳಸಲಾಗದು. ಮೂರಕ್ಕೂ ಮೂರು ದಾರಿ. ಇಂಗ್ಲಿಷಿನ ಪದ ಕೆಲವು ಸಂಗತಿಗಳನ್ನು ಹೇಳದೆಯೇ ಮುಂದೆ ಹೋಗುತ್ತದೆ. ಕನ್ನಡದಲ್ಲಿ ಅವನ್ನು ತೀರ್ಮಾನಿಸದೆ ಕ್ರಿಯಾಪದ ಆರಿಸಲು ಆಗುವುದಿಲ್ಲ. ಆ ವ್ಯಕ್ತಿ ಮೊದಲೇ ಸಿಕ್ಕಿಬಿದ್ದಿದ್ದನೇ? ಅಪಾಯ ಮೈಮೇಲೆ ಬಂದಿತ್ತೇ, ದೂರದಿಂದಲೇ ಹೋಯಿತೇ? ತಪ್ಪು ಅವನದೇ? ಇಷ್ಟು ಗೊತ್ತಾದರೆ ಪದ ತಾನಾಗಿ ಸಿಗುತ್ತದೆ.

ಮೊದಲು ‘ತಪ್ಪು’ ಧಾತು. ‘ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು’ ಎಂಬ ಗಾದೆಯಲ್ಲಿ ತಪ್ಪಿದ್ದು ಯಾವುದು ಎಂದು ನೋಡಿ. ದೊಣ್ಣೆ, ಮನುಷ್ಯನಲ್ಲ. ಗುರಿ ತಪ್ಪಿತು, ದಾರಿ ತಪ್ಪಿತು, ಬಸ್ಸು ತಪ್ಪಿತು, ಮಾತಿಗೆ ತಪ್ಪಿದ: ಎಲ್ಲದರಲ್ಲೂ ಕೂಡಬೇಕಾದ ಎರಡು ಕೂಡಲಿಲ್ಲ ಎಂಬುದೇ ಮೂಲಭಾವ. ಇಂಗ್ಲಿಷಿನಲ್ಲಿ ಮನುಷ್ಯ ಹೊರಗೆ ಹೋಗುತ್ತಾನೆ, ಕನ್ನಡದಲ್ಲಿ ಅಪಾಯವೂ ಮನುಷ್ಯನೂ ಸಂಧಿಸುವುದಿಲ್ಲ. ತಮಿಳು, ತೆಲುಗುಗಳಲ್ಲೂ ಇದೇ ಧಾತು ಇದೆ.

ಇದಕ್ಕೆ ‘ಇಸು’ ಸೇರಿದರೆ ‘ತಪ್ಪಿಸು’: ಆಗದಂತೆ ಮಾಡು. ‘ಚಾಲಕ ಬ್ರೇಕ್ ಹಾಕಿ ಅಪಘಾತ ತಪ್ಪಿಸಿದ’. ಅದಕ್ಕೆ ‘ಕೊಳ್ಳು’ ಸೇರಿದಾಗ ಮಾತ್ರ ಫಲ ಮಾಡಿದವನಿಗೇ ಸಲ್ಲುತ್ತದೆ: ‘ತಪ್ಪಿಸಿಕೊಂಡ’. ಈ ‘ಕೊಳ್ಳು’ ಬಿಟ್ಟುಹೋದರೆ ಅರ್ಥವೇ ಬೇರೆ. ‘ಕೈದಿ ತಪ್ಪಿಸಿದ’ ಎಂದರೆ ಏನನ್ನೋ ತಪ್ಪಿಸಿದ, ಏನನ್ನು ಎಂದು ಓದುಗ ಕಾಯುತ್ತಾನೆ.

ತೊಡಕು ಹೆಚ್ಚಾಗಿ ಬರುವುದು ವಿಭಕ್ತಿಯಲ್ಲಿ. ‘ಠಾಣೆಯಿಂದ ಹುಡುಗ ತಪ್ಪಿಸಿಕೊಂಡ’ ಎಂದರೆ ಓಡಿಹೋದ. ‘ಜಾತ್ರೆಯಲ್ಲಿ ಹುಡುಗ ತಪ್ಪಿಸಿಕೊಂಡ’ ಎಂದರೆ ಕಳೆದುಹೋದ, ಅವನನ್ನು ಹುಡುಕಬೇಕು, ಅವನು ಅಳುತ್ತಿರಬಹುದು. ಕ್ರಿಯಾಪದ ಅದೇ, ‘ಇಂದ’ ಮತ್ತು ‘ಅಲ್ಲಿ’ ಅಷ್ಟೇ ವ್ಯತ್ಯಾಸ. ಸುದ್ದಿ ಬರೆಯುವವರು ಆತುರದಲ್ಲಿ ‘ಬಾಲಕ ತಪ್ಪಿಸಿಕೊಂಡಿದ್ದಾನೆ’ ಎಂದಷ್ಟೇ ಬರೆದರೆ ಆ ಮಗು ಕಳೆದುಹೋಗಿದೆಯೋ ಓಡಿಹೋಗಿದೆಯೋ ತಿಳಿಯದು. ಹೆತ್ತವರ ಮಟ್ಟಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಅಂಥಲ್ಲಿ ‘ಕಾಣೆಯಾಗಿದ್ದಾನೆ’ ಎಂದೇ ಬರೆಯುವುದು ಸರಿ.

ಇಂಗ್ಲಿಷಿನಲ್ಲೂ ಇಂಥದೇ ಒಂದು ಗಂಟು ಇದೆ. ಅಲ್ಲಿ ‘ಎಸ್ಕೇಪ್’ ಆದ ಮೇಲೆ ‘ಫ್ರಮ್’ ಬಂದು ಜೈಲು ಬಂದರೆ ಆತ ಒಳಗಿದ್ದು ಹೊರಗೆ ಹೋದವನು. ‘ಫ್ರಮ್’ ಇಲ್ಲದೆ ನೇರವಾಗಿ ಜೈಲು ಬಂದರೆ ಆತ ಒಳಗೆ ಹೋಗಲೇ ಇಲ್ಲ, ದಂಡ ಕಟ್ಟಿಯೋ ಇನ್ನಾವುದೋ ರೀತಿಯಲ್ಲೋ ಶಿಕ್ಷೆ ತಪ್ಪಿತು. ಮೊದಲನೆಯದು ‘ಜೈಲಿನಿಂದ ತಪ್ಪಿಸಿಕೊಂಡ’, ಎರಡನೆಯದು ‘ಜೈಲುವಾಸ ತಪ್ಪಿತು’ ಅಥವಾ ‘ಜೈಲುವಾಸ ತಪ್ಪಿಸಿಕೊಂಡ’. ಎರಡಕ್ಕೂ ‘ಇಂದ’ ಹಾಕಿದರೆ ಜೈಲಿಗೇ ಹೋಗದವನನ್ನು ಜೈಲು ಮುರಿದವನನ್ನಾಗಿ ಮಾಡಿದಂತೆ. ಕಡತದಲ್ಲಿ ಆ ವಾಕ್ಯವನ್ನು ಇನ್ನೊಮ್ಮೆ ನೋಡಿ.

‘ಪಾರಾಗು’. ಸಂಸ್ಕೃತದ ‘ಪಾರ’ ಎಂದರೆ ಹೊಳೆಯ ಆಚೆಯ ದಡ. ಹಾಗಾಗಿ ‘ಪಾರಾದ’ ಎಂದರೆ ನೀರಿಗಿಳಿದು ಆಚೆ ಸೇರಿದ. ಅಪಾಯ ನಿಜವಾಗಿ ಎದುರಾಗಿರಬೇಕು, ಅದನ್ನು ದಾಟಿರಬೇಕು. ‘ಲಾರಿ ಮಗುಚಿದರೂ ಚಾಲಕ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದ’: ಇಲ್ಲಿ ‘ತಪ್ಪಿಸಿಕೊಂಡ’ ಎಂದರೆ ಅಪಘಾತ ಮಾಡಿ ಓಡಿಹೋದ ಎಂಬ ಅರ್ಥ ಬರುತ್ತದೆ. ಚಾಲಕನ ಮೇಲೆ ಇಲ್ಲದ ಆರೋಪ. ‘ಪಾರಾಗು’ವಿನಲ್ಲಿ ದೂಷಣೆ ಇಲ್ಲ, ಒಂದಿಷ್ಟು ಸಮಾಧಾನವಿದೆ. ಮಾತಿನಲ್ಲಿ ಇದೇ ಜಾಗದಲ್ಲಿ ‘ಬಚಾವಾದ’ ಬರುತ್ತದೆ. ‘ಬದುಕಿದೆಯಾ ಬಡಜೀವವೇ’ ಎಂಬ ನುಡಿಗಟ್ಟೂ ಈ ಗುಂಪಿನದೇ.

‘ಪರಾರಿ’ ಕೇಳಲು ‘ಪಾರು’ವಿನ ನೆಂಟನಂತಿದೆ, ಆದರೆ ಸಂಬಂಧವಿಲ್ಲ. ಅರಬ್ಬಿ ಮೂಲದ ‘ಫರಾರ್’ ಪಾರಸಿ, ಹಿಂದೂಸ್ತಾನಿಯ ದಾರಿಯಲ್ಲಿ ಬಂದದ್ದು. ಇದರಲ್ಲಿ ದೂಷಣೆ ಕೂಡಿಕೊಂಡೇ ಇದೆ. ‘ಚಿನ್ನದೊಂದಿಗೆ ಪರಾರಿ’ ಎನ್ನುತ್ತೇವೆ, ‘ಗಾಯದೊಂದಿಗೆ ಪರಾರಿ’ ಎನ್ನುವುದಿಲ್ಲ. ಪರಾರಿಯಾದವನು ಇನ್ನೂ ಸಿಕ್ಕಿಲ್ಲ ಎಂಬ ಸೂಚನೆಯೂ ಅದರಲ್ಲಿದೆ. ‘ಬೋನಿನಿಂದ ಚಿರತೆ ಪರಾರಿ’ ಎಂಬ ಬಗೆಯ ತಲೆಬರಹ ಚಿರತೆಯನ್ನು ಆರೋಪಿಯನ್ನಾಗಿಸುತ್ತದೆ. ‘ತಪ್ಪಿಸಿಕೊಂಡಿದೆ’ ಸಾಕು.

ಪೊಲೀಸ್, ನ್ಯಾಯಾಲಯದ ಬರಹಗಳಲ್ಲಿ ಇನ್ನೂ ಒಂದು ಗೆರೆ ಎಳೆಯಬೇಕು. ಬಂಧನಕ್ಕೆ ಸಿಕ್ಕಿ ಹೋದವನು ‘ಅಭಿರಕ್ಷೆಯಿಂದ ತಪ್ಪಿಸಿಕೊಂಡವನು’. ಸಿಗದೆಯೇ ಅಡಗಿರುವವನು ‘ತಲೆಮರೆಸಿಕೊಂಡವನು’. ಕಾನೂನೂ ಇವೆರಡನ್ನು ಬೇರೆ ಬೇರೆಯಾಗಿಯೇ ಇಟ್ಟಿದೆ. ಮೊದಲನೆಯದು ಭಾರತೀಯ ದಂಡ ಸಂಹಿತೆಯ 224ನೇ ಕಲಂ ಆಗಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 262ನೇ ಕಲಂ. ಎರಡು ವರ್ಷದವರೆಗೆ ಸಜೆ. ಎರಡನೆಯವನ ವಿಷಯದಲ್ಲಿ ನ್ಯಾಯಾಲಯ ಉದ್ಘೋಷಣೆ ಹೊರಡಿಸಿ, ಹಾಜರಾಗಲು ಕನಿಷ್ಠ 30 ದಿನ ಕೊಡಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 82, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 84. ತಲೆಮರೆಸಿಕೊಂಡವನನ್ನು ‘ತಪ್ಪಿಸಿಕೊಂಡ ಕೈದಿ’ ಎಂದು ಬರೆದರೆ ಅವನು ಮಾಡದ ಇನ್ನೊಂದು ಅಪರಾಧ ಹೊರಿಸಿದಂತಾಗುತ್ತದೆ.

‘ಪಲಾಯನ’ದ ಹುಟ್ಟು ಸೊಗಸಾಗಿದೆ. ‘ಪರಾ’ ಉಪಸರ್ಗಕ್ಕೆ ಹೋಗು ಎಂಬರ್ಥದ ‘ಅಯ್’ ಧಾತು ಸೇರಿ ‘ಪರಾಯನ’ ಆಗಬೇಕಿತ್ತು. ಈ ಧಾತುವಿನ ಹಿಂದೆ ಬರುವ ಉಪಸರ್ಗದ ರಕಾರ ಲಕಾರವಾಗುತ್ತದೆ ಎಂದು ಪಾಣಿನಿ ಇದಕ್ಕೆಂದೇ ಒಂದು ಸೂತ್ರ ಮಾಡಿದ್ದಾನೆ: ‘ಉಪಸರ್ಗಸ್ಯಾಯತೌ’, 8.2.19. ಅರ್ಥದಲ್ಲಿ ಇದು ಎದುರಾಳಿಗೆ ಬೆನ್ನು ತೋರಿಸುವುದು, ಉತ್ತರಕುಮಾರ ಮಾಡಿದ್ದು. ಹಾಗಾಗಿ ವಾಸ್ತವವನ್ನು ಎದುರಿಸದ ಮನೋಭಾವಕ್ಕೆ ‘ಪಲಾಯನವಾದ’ ಎಂದು ಕನ್ನಡ ವಿಮರ್ಶೆಯಲ್ಲಿ ನೆಲೆಯೂರಿರುವುದು ಸರಿಯಾಗಿಯೇ ಇದೆ. ಬೆಂಕಿಯಿಂದ ಇಳಿದು ಬರುವ ಜನರಿಗೆ ಮಾತ್ರ ಈ ಪದ ಬೇಡ. ಅವರು ಹೇಡಿಗಳಲ್ಲ.

ಹೊಣೆ, ಪ್ರಶ್ನೆ, ಬಾಕಿ ಕೆಲಸ ಇವುಗಳಿಂದಾದರೆ ‘ನುಣುಚಿಕೊ’, ‘ಜಾರಿಕೊ’. ಹಿಡಿಯಲು ಹೋದ ಕೈಯಿಂದ ಮೀನು ಜಾರಿದ ಹಾಗೆ. ಓಟಕ್ಕೇ ಒತ್ತು ಇದ್ದರೆ ‘ಕಾಲಿಗೆ ಬುದ್ಧಿ ಹೇಳಿದ’, ‘ಕಂಬಿ ಕಿತ್ತ’, ‘ಪೇರಿ ಕಿತ್ತ’. ಹಿಡಿಯಲು ಬಂದವರು ಮೋಸಹೋದರು ಎಂಬುದಕ್ಕೆ ಒತ್ತು ಇದ್ದರೆ ‘ಚಳ್ಳೆಹಣ್ಣು ತಿನ್ನಿಸಿದ’. ಚಳ್ಳೆಹಣ್ಣಿನ ತಿರುಳು ಅಂಟಂಟು, ಬಾಯಿಗೆ ಹಾಕಿಕೊಂಡವರಿಗೆ ಅದರ ಪಾಡೇ ಸಾಕಾಗುತ್ತದೆ.

ಇಂಗ್ಲಿಷ್ ಪದದ ಮೂಲವನ್ನೂ ಇಲ್ಲಿ ಹೇಳಬೇಕು. ಲ್ಯಾಟಿನ್ನಿನ ‘ಎಕ್ಸ್’ ಎಂದರೆ ಹೊರಗೆ, ‘ಕಪ್ಪ’ ಎಂದರೆ ಮೇಲುಹೊದಿಕೆ. ಹಿಡಿದವನ ಕೈಯಲ್ಲಿ ಹೊದಿಕೆಯಷ್ಟೇ ಉಳಿದು ಮನುಷ್ಯ ಹೊರಗೆ ಜಾರಿದ ಎಂಬ ಚಿತ್ರ. ನಮ್ಮ ‘ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು’ ಎಂಬ ಗಾದೆಯಲ್ಲೂ ಬಟ್ಟೆ ಹೋಗಿ ಜೀವ ಉಳಿಯುತ್ತದೆ. ಎರಡು ಭಾಷೆಗಳಿಗೂ ಒಂದೇ ಬಗೆಯ ನೋಟ ಹೊಳೆದಿರುವುದು ಸಂತೋಷದ ಸಂಗತಿ.

ಎರಡನೆಯ ಪ್ರಶ್ನೆ, ‘ಎಸ್ಕೇಪ್ ಆದ’. ಇದು ಇಂಗ್ಲಿಷ್ ಪದದ ಇಡೀ ಅರ್ಥವನ್ನು ತಂದಿಲ್ಲ, ಒಂದು ಮೂಲೆಯನ್ನು ಮಾತ್ರ ಆರಿಸಿಕೊಂಡಿದೆ. ‘ಬಿಲ್ ಬರೋ ಹೊತ್ತಿಗೆ ಎಸ್ಕೇಪ್ ಆಗ್ಬಿಟ್ಟ’, ‘ಮೀಟಿಂಗಿಂದ ಎಸ್ಕೇಪು’. ಚಿಕ್ಕ ಹೊಣೆ, ಚುರುಕು ಕಾಲು, ಹೇಳುವವನಿಗೆ ಸಿಟ್ಟಿಗಿಂತ ನಗು ಹೆಚ್ಚು. ಎಷ್ಟೋ ಸಲ ‘ಆದ’ ಕೂಡ ಇರುವುದಿಲ್ಲ, ‘ಅವನು ಎಸ್ಕೇಪು’ ಎಂದರೆ ವಾಕ್ಯ ಮುಗಿಯಿತು. ಕಟ್ಟಡ ಕುಸಿದು ಬದುಕಿ ಬಂದವರನ್ನು ‘ಎಸ್ಕೇಪ್ ಆದರು’ ಎಂದರೆ ಕಿವಿಗೆ ಒರಟು. ಕತೆಯ ಸಂಭಾಷಣೆಯಲ್ಲಿ ಧಾರಾಳವಾಗಿ ಬಳಸಿ, ವರದಿಯಲ್ಲಿ ಬೇಡ.

*

ಮೇಲಿನ ಉತ್ತರಕ್ಕೆ ಕಂಪ್ಯೂಟರ್ ಮತ್ತು ವಿಜ್ಞಾನದ ಕಡೆಯಿಂದ ಸೇರಿಸಬೇಕಾದದ್ದು ಇದೆ.

ಬೆಂಗಳೂರಿನಲ್ಲಿ ‘ಎಸ್ಕೇಪ್ ಆಗು’ ಅಲ್ಲದೆ ‘ಎಸ್ಕೇಪ್ ಮಾಡು’ ಕೂಡ ದಿನನಿತ್ಯದ ಮಾತು. ಪ್ರೋಗ್ರಾಮ್ ಬರೆಯುವವರು ‘ಆ ಕೋಟ್ಸನ್ನ ಎಸ್ಕೇಪ್ ಮಾಡು’ ಎನ್ನುತ್ತಾರೆ. ಇಲ್ಲಿ ಯಾರೂ ಎಲ್ಲಿಗೂ ಓಡುತ್ತಿಲ್ಲ. ಉದ್ಧರಣ ಚಿಹ್ನೆಗೆ ಪಠ್ಯ ಇಲ್ಲಿಗೆ ಮುಗಿಯಿತು ಎಂದು ಹೇಳುವ ಕೆಲಸವಿದೆ. ಪಠ್ಯದೊಳಗೇ ಆ ಚಿಹ್ನೆ ಬೇಕಾದಾಗ ಅದರ ಹಿಂದೆ ‘\’ ಎಂಬ ಓರೆಗೆರೆ, ಅಂದರೆ ಬ್ಯಾಕ್‌ಸ್ಲ್ಯಾಶ್ ಹಾಕುತ್ತೇವೆ. ಆಗ ಮುಂದಿನ ಚಿಹ್ನೆಗೆ ಅದರ ವಿಶೇಷ ಕೆಲಸ ಇರುವುದಿಲ್ಲ, ಬರೀ ಅಕ್ಷರವಾಗಿ ನಿಲ್ಲುತ್ತದೆ. ಮರೆತರೆ ಪಠ್ಯ ನಡುವೆಯೇ ತುಂಡಾಗಿ ದೋಷ ಬರುತ್ತದೆ. ಎರಡು ಸಲ ಮಾಡಿದರೆ ಬ್ಯಾಕ್‌ಸ್ಲ್ಯಾಶ್ ತೆರೆಯ ಮೇಲೆ ಓದುಗರಿಗೆ ಕಾಣಿಸುತ್ತದೆ. ಬ್ಯಾಕ್‌ಸ್ಲ್ಯಾಶೇ ಬೇಕಾದರೆ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಬೇಕು.

ಇದಕ್ಕೆ ‘ಚಿಹ್ನೆಯನ್ನು ತಪ್ಪಿಸಿ’ ಎಂಬ ಅನುವಾದ ನಿಜಕ್ಕೂ ಹಾನಿಕರ. ‘ತಪ್ಪಿಸು’ ಎಂದರೆ ಇಲ್ಲದಂತೆ ಮಾಡು ಎಂದು ಮೇಲೆ ವಿವರಿಸಿದ್ದಾರೆ. ಸೂಚನೆ ಓದಿದವರು ಚಿಹ್ನೆಯನ್ನೇ ಅಳಿಸಿಬಿಡುತ್ತಾರೆ. ‘ಎಸ್ಕೇಪ್ ಮಾಡಿ’ ಎಂದೇ ಇಟ್ಟು, ಮೊದಲ ಸಲ ಬಂದಾಗ ‘ಅಂದರೆ ಹಿಂದೆ ಬ್ಯಾಕ್‌ಸ್ಲ್ಯಾಶ್ ಸೇರಿಸಿ’ ಎಂದು ಬಿಡಿಸಿ ಹೇಳುವುದು ಒಳ್ಳೆಯದು.

ಕನ್ನಡ ಪಠ್ಯವೇ ಹೀಗೆ ಬರುವುದೂ ಉಂಟು. ಯೂನಿಕೋಡಿನಲ್ಲಿ ‘ಕ’ ಅಕ್ಷರದ ಸಂಖ್ಯೆ ಸೊನ್ನೆ, ಸಿ, 9, 5. ಕೆಲವು ದತ್ತಾಂಶ ಕಡತಗಳಲ್ಲಿ ‘ಕ’ ಬದಲು ಬ್ಯಾಕ್‌ಸ್ಲ್ಯಾಶ್, ಯು, ನಂತರ ಈ ನಾಲ್ಕು ಅಂಕಿ–ಅಕ್ಷರ, ಒಟ್ಟು ಆರು ಚಿಹ್ನೆ ಕಾಣುತ್ತದೆ. ‘ಕನ್ನಡ’ ಎಂಬುದರಲ್ಲಿ ಒತ್ತಕ್ಷರ ಮಾಡುವ ಚಿಹ್ನೆ (ವಿರಾಮ) ಸೇರಿ ಐದು ಸಂಕೇತ, ಹಾಗಾಗಿ 30 ಚಿಹ್ನೆ. ಕಡತ ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ.

ಕೀಲಿಮಣೆಯ ಎಡ ಮೇಲ್ತುದಿಯ ಗುಂಡಿಗೂ ಇದೇ ಹಿನ್ನೆಲೆ. 1960ರಲ್ಲಿ ಐಬಿಎಂನಲ್ಲಿದ್ದ ಬಾಬ್ ಬೀಮರ್ ಇದನ್ನು ಮುಂದಿಟ್ಟದ್ದು, ಒಂದು ಸಂಕೇತಪದ್ಧತಿಯಿಂದ ಇನ್ನೊಂದಕ್ಕೆ ಹೊರಳಲು. ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪದ್ಧತಿಯಲ್ಲಿ ಅದರ ಸಂಖ್ಯೆ 27. ಕಿಟಕಿ ಮುಚ್ಚುವುದು, ರದ್ದು ಮಾಡುವುದು ಆಮೇಲೆ ಬಂದ ಬಳಕೆ. ಬಳಕೆದಾರರ ಕೈಪಿಡಿಯಲ್ಲಿ ‘ಎಸ್ಕೇಪ್ ಕೀಲಿ ಒತ್ತಿ’ ಎನ್ನಿ. ಗುಂಡಿಯ ಮೇಲೆ ಅಚ್ಚಾಗಿರುವ ಹೆಸರನ್ನು ಬದಲಾಯಿಸಿದರೆ ಹುಡುಕುವವರಿಗೆ ಸಿಗುವುದಿಲ್ಲ.

ರಾಕೆಟ್ಟಿನದಕ್ಕೆ, ಅಂದರೆ ಗುರುತ್ವದ ಹಿಡಿತ ಮೀರಿ ಹೋಗಲು ಬೇಕಾದ ವೇಗಕ್ಕೆ, ‘ವಿಮೋಚನಾ ವೇಗ’ ಎಂಬ ಪದ ಬಳಕೆಯಲ್ಲಿದೆ, ಅದನ್ನೇ ಇಡಿ. ಭೂಮಿಯ ಮೇಲ್ಮೈಯಿಂದ ಸೆಕೆಂಡಿಗೆ 11.2 ಕಿಲೋಮೀಟರ್, ಚಂದ್ರನಿಂದ ಸುಮಾರು 2.4. ವಸ್ತು ಎಷ್ಟೇ ಭಾರವಿದ್ದರೂ ಈ ಸಂಖ್ಯೆ ಒಂದೇ. ಒಂದು ಸೂಕ್ಷ್ಮವಿದೆ: ಪಠ್ಯಪುಸ್ತಕಗಳಲ್ಲಿ ದಿಕ್ಕು ಇಲ್ಲದ್ದು ‘ಜವ’, ದಿಕ್ಕು ಇರುವುದು ‘ವೇಗ’. ನೆಲಕ್ಕೆ ಡಿಕ್ಕಿಯಾಗದಿದ್ದರೆ ಯಾವ ದಿಕ್ಕಿಗೆ ಎಸೆದರೂ ಈ 11.2 ಬದಲಾಗದು. ಆದ್ದರಿಂದ ಕಟ್ಟುನಿಟ್ಟಾಗಿ ‘ವಿಮೋಚನಾ ಜವ’ ಆಗಬೇಕು. ಆದರೂ ಶಾಲೆಯ ಮಕ್ಕಳಿಗೆ ಬರೆಯುವಾಗ ಅವರಿಗೆ ಪರಿಚಿತವಾದ ರೂಪವೇ ಇರಲಿ.

*

ಇಬ್ಬರಿಗೂ ತುಂಬ ಧನ್ಯವಾದ. ಅಪಘಾತದ ವಾಕ್ಯ ‘ಪಾರಾದ’ ಎಂದು ತಿದ್ದಿದ್ದಾಯಿತು. ಜೈಲಿನ ವಾಕ್ಯದಲ್ಲಿ ‘ಫ್ರಮ್’ ಇದೆ, ಹಾಗಾಗಿ ‘ಜೈಲಿನಿಂದ ತಪ್ಪಿಸಿಕೊಂಡ’ ಉಳಿಯುತ್ತದೆ. ಅನಿಲ ಮತ್ತು ಮೆಟ್ಟಿಲು ಉಳಿದಿವೆ. ‘ಹೆಸರು ಎಸ್ಕೇಪ್ ಆಗುತ್ತಿದೆ’ ಎಂಬ ಅರ್ಥದ ಇನ್ನೊಂದು ವಾಕ್ಯವೂ ಈಗ ಕಣ್ಣಿಗೆ ಬಿತ್ತು.

*

ಅನಿಲ ‘ಸೋರುತ್ತದೆ’. ಸಿಲಿಂಡರಿನ ಎಚ್ಚರಿಕೆಯಲ್ಲಿ ‘ಅನಿಲ ತಪ್ಪಿಸಿಕೊಂಡರೆ’ ಎಂದು ಬರೆದರೆ ಯಾರೂ ಕಿಟಕಿ ತೆರೆಯುವುದಿಲ್ಲ, ‘ಗ್ಯಾಸ್ ಸೋರಿದರೆ’ ಎಂದರೆ ತಕ್ಷಣ ತೆರೆಯುತ್ತಾರೆ. ಕುಕ್ಕರಿನ ಹಬೆ ಬೇಕೆಂದೇ ಬಿಡುವುದಾದ್ದರಿಂದ ಅಲ್ಲಿ ‘ಹಬೆ ಹೋಗಲಿ’.

ಮೆಟ್ಟಿಲಿಗೆ ‘ಬೆಂಕಿ ಅನಾಹುತದ ತುರ್ತು ಮೆಟ್ಟಿಲು’. ಬಾಗಿಲಿಗೆ ‘ತುರ್ತು ನಿರ್ಗಮನ’ ಈಗಾಗಲೇ ಎಲ್ಲರಿಗೂ ಗೊತ್ತು. ‘ಅಗ್ನಿ ನಿರ್ಗಮನ’ ಎಂದು ಚುಟುಕಾಗಿಸಲು ಹೋಗಬೇಡಿ, ಬೆಂಕಿ ಹೊರಗೆ ಹೋಗುವ ದಾರಿ ಎಂದಾಗುತ್ತದೆ.

ಹೆಸರಿನ ವಾಕ್ಯಕ್ಕೆ ‘ಹೆಸರು ನಾಲಿಗೆ ತುದಿಯಲ್ಲಿದೆ, ನೆನಪಿಗೆ ಬರ್ತಿಲ್ಲ’ ಎನ್ನಬಹುದು. ಮಾತಾಡುವವರು ಹಿರಿಯರಾದರೆ ‘ಹೆಸರು ಮರೆತೆ’ ಸಾಕು. ‘ಅವರ ಗಮನದಿಂದ ಯಾವುದೂ ಎಸ್ಕೇಪ್ ಆಗದು’ ಎಂಬಂಥದ್ದು ಮುಂದೆ ಸಿಕ್ಕರೆ ‘ಅವರ ಕಣ್ಣು ತಪ್ಪಿಸಿ ಒಂದು ಇರುವೆಯೂ ಹೋಗದು’ ಎಂದು ಬರೆಯಿರಿ. ಅಲ್ಲಿ ‘ತಪ್ಪಿಸಿ’ಯೇ ಸರಿ, ‘ಕೊಳ್ಳು’ ಬೇಕಿಲ್ಲ.