ಗ್ಲುಟೆನ್ ಇಲ್ಲದ ಕಪ್‌ಕೇಕ್: ಭಾನುವಾರದ ಪ್ರಶ್ನೋತ್ತರ

ಬೇಕರ್ (ಬಸವನಗುಡಿ): ನಮಸ್ಕಾರ. ಮನೆಯಲ್ಲೇ ಗ್ಲುಟೆನ್ ಇಲ್ಲದ ಕೇಕ್ ಮಾಡಿ ಮಾರುತ್ತೇನೆ. ಗ್ಲುಟೆನ್ ಅಂದರೆ ಗೋಧಿಯಂಥ ಕಾಳುಗಳಲ್ಲಿರುವ, ಹಿಟ್ಟಿಗೆ ಅಂಟು ಕೊಡುವ ಪ್ರೋಟೀನ್. ಕಪ್‌ಕೇಕ್ ಮಾಡುವುದು, ಕೆಡದಂತೆ ಇಡುವುದು, ಎರಡರ ಬಗ್ಗೆಯೂ ಕೇಳಿ. ಸಂಜೆಗೆ ಆರ್ಡರ್ ಇದೆ, ಕೆಲಸದ ನಡುವೆ ಉತ್ತರ ಬರೆಯುತ್ತೇನೆ.

ಜಯನಗರ: ಅಕ್ಕಿ ಹಿಟ್ಟಿನ ಕಪ್‌ಕೇಕ್ ಮೊದಲ ದಿನ ಹತ್ತಿಯ ಹಾಗಿತ್ತು. ಮಾರನೇ ದಿನ ಫ್ರಿಜ್‌ನಿಂದ ತೆಗೆದರೆ ಇಟ್ಟಿಗೆ. ಯಾಕೆ ಮೇಡಂ?

ಬೇಕರ್: ಫ್ರಿಜ್ಜೇ ಕಾರಣ. ರಾತ್ರಿ ಉಳಿದ ಅನ್ನ ಫ್ರಿಜ್‌ನಲ್ಲಿಟ್ಟರೆ ಬೆಳಗ್ಗೆ ಬಿರುಸಾಗುತ್ತದೆ ಅಲ್ವಾ, ಇದೂ ಅದೇ. ಬೆಂದ ಪಿಷ್ಟ ಆರುತ್ತಾ ಮತ್ತೆ ಬಿಗಿಯುತ್ತದೆ. ಫ್ರಿಜ್‌ನ ತಂಪಿಗೆ ಇನ್ನೂ ಬೇಗ. ಪೂರ್ತಿ ಆರಿಸಿ, ಗಾಳಿಯಾಡದ ಡಬ್ಬಿಯಲ್ಲಿ ಹೊರಗೇ ಇಡಿ, ಒಂದೆರಡು ದಿನ ಬರುತ್ತದೆ. ಜಾಸ್ತಿ ದಿನಕ್ಕಾದರೆ ಒಂದೊಂದನ್ನೂ ಸುತ್ತಿ ಫ್ರೀಜರ್‌ಗೆ ಹಾಕಿ. ಮೈನಸ್ 18 ಡಿಗ್ರಿಯಲ್ಲಿ ಎರಡು ತಿಂಗಳು ರುಚಿ ಕೆಡುವುದಿಲ್ಲ. ತೆಗೆದಾಗ ಸುತ್ತಿದ್ದನ್ನು ಬಿಚ್ಚದೆ ಹಾಗೇ ಕರಗಲು ಬಿಡಿ, ಇಲ್ಲದಿದ್ದರೆ ತೇವವೆಲ್ಲ ಕೇಕ್ ಮೇಲೆ ಕೂರುತ್ತದೆ. ಕ್ರೀಮ್ ಚೀಸ್ ಹಚ್ಚಿದ್ದರೆ ಮಾತ್ರ ಫ್ರಿಜ್ ಬೇಕೇ ಬೇಕು. ಅದಕ್ಕೇ ಕ್ರೀಮ್ ಬೇರೆ ಇಟ್ಟು, ತಿನ್ನುವ ಹೊತ್ತಿಗೆ ಹಚ್ಚಿ.

ಯಲಹಂಕ: ನನ್ನದು ನಡುವೆ ಕುಸಿಯುತ್ತೆ. ಈನೋ ಹಾಕಿ ಅರ್ಧ ಗಂಟೆ ಹಿಟ್ಟು ನೆನೆಯಲು ಬಿಟ್ಟಿದ್ದೆ.

ಬೇಕರ್: ನೆನೆಸಿದ್ದು ಸರಿ. ಅಕ್ಕಿ ಹಿಟ್ಟು ನೀರು ಕುಡಿಯದಿದ್ದರೆ ಬಾಯಲ್ಲಿ ಮರಳು ಮರಳು. ಆದರೆ ಈನೋ ಕೊನೆಗೆ, ಅಚ್ಚಿಗೆ ಸುರಿಯುವ ಮೊದಲು ಹಾಕಬೇಕು. ನೊರೆಯೆಲ್ಲ ಇಳಿದ ಮೇಲೆ ಇನ್ನೇನು ಉಬ್ಬುತ್ತದೆ? ಹಿಡಿದಿಡಲು ಗ್ಲುಟೆನ್ ಇಲ್ಲವಲ್ಲ, ಒಂದು ಕಪ್ ಹಿಟ್ಟಿಗೆ ಕಾಲು ಟೀ ಚಮಚ ಕ್ಸಾಂಥಾನ್ ಗಮ್ ಎಂಬ ಅಂಟಿನ ಪುಡಿ ಹಾಕಿ. ಅದಕ್ಕಿಂತ ಹೆಚ್ಚಾದರೆ ಅಂಟು ಅಂಟು.

ಆರ್.ಟಿ. ನಗರ: ಫ್ರಿಜ್‌ನಲ್ಲಿ ಎಷ್ಟು ದಿನ ಇಡಬಹುದು ಮೇಡಂ?

ಬೇಕರ್: ಮೇಲೆ ಬರೆದಿದ್ದೇನೆ.

ಕೆಂಗೇರಿ: ಮೊಟ್ಟೆ ಬದಲು ಏನು ಹಾಕಬಹುದು?

ವಿದ್ಯಾರಣ್ಯಪುರ: ಮೇಡಂ, ನನ್ನ ಮಗನಿಗೆ ಆರು ವರ್ಷ. ಸೀಲಿಯಾಕ್, ಅಂದರೆ ಗ್ಲುಟೆನ್ ತಿಂದರೆ ಕರುಳು ಹಾಳಾಗುವ ಕಾಯಿಲೆ, ಅಂತ ಗೊತ್ತಾಗಿ ಐದು ತಿಂಗಳಾಯಿತು. ಗೋಧಿ ಪೂರ್ತಿ ಬಿಡಿಸಿದ್ದೇವೆ. ರಾಗಿ, ಅಕ್ಕಿ ಗಿರಣಿಯಲ್ಲಿ ಬೀಸಿಸಿ ಕಪ್‌ಕೇಕ್ ಮಾಡಿ ಸ್ಕೂಲಿಗೆ ಕಳಿಸುತ್ತೇನೆ. ಒಣಗದಿರಲಿ ಅಂತ ಡಬ್ಬಿಯಲ್ಲಿ ಒಂದು ಬ್ರೆಡ್ ತುಂಡು ಇಡುತ್ತೇನೆ, ವಾಟ್ಸಾಪ್‌ನಲ್ಲಿ ಬಂದಿತ್ತು. ಬ್ರೆಡ್ ಅವನಿಗೆ ಕೊಡಲ್ಲ. ಆದರೂ ವಾರಕ್ಕೆರಡು ಸಲ ಹೊಟ್ಟೆನೋವು, ಭೇದಿ. ಕೇಕ್ ಹಳಸಿರುತ್ತಾ?

ಬೇಕರ್: ಅಮ್ಮಾ, ಮೊದಲು ಹೋಗಿ ಆ ಬ್ರೆಡ್ ತೆಗೆಯಿರಿ. ಆ ಡಬ್ಬಿಯಲ್ಲಿರುವ ಕೇಕ್ ಮಗುವಿಗೆ ಕೊಡಬೇಡಿ. ಬ್ರೆಡ್ ಇಟ್ಟರೆ ಕೇಕ್ ಮೆತ್ತಗಿರುವುದು ನಿಜ. ಆದರೆ ಅದರ ಪುಡಿ ಉದುರಿ ಕೇಕಿಗೆ ಅಂಟಿದರೆ ಸಾಕು. ನಮ್ಮ ದೇಶದ ನಿಯಮದಲ್ಲಿ ಒಂದು ಕಿಲೋ ತಿಂಡಿಯಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಿದರೆ 'ಗ್ಲುಟೆನ್ ಇಲ್ಲ' ಎಂದು ಮಾರುವ ಹಾಗಿಲ್ಲ. 20 ಮಿಲಿಗ್ರಾಂ ಅಂದರೆ ಒಂದು ಚಿಟಿಕೆ ಉಪ್ಪಿಗಿಂತಲೂ ಎಷ್ಟೋ ಕಮ್ಮಿ. ಈ ಫಾರ್ವರ್ಡ್ ಮಾಡುವವರಿಗೆ ಯಾರ ಮನೆಯ ಡಬ್ಬಿಗೆ ಏನು ಹೋಗುತ್ತೆ ಅನ್ನುವ ಯೋಚನೆಯೇ ಇರುವುದಿಲ್ಲ.

ಎರಡನೆಯದು ಗಿರಣಿ. ನಿಮಗಿಂತ ಮುಂಚೆ ಯಾರೋ ಗೋಧಿ ಬೀಸಿಸಿರುತ್ತಾರೆ. ಆ ಹಿಟ್ಟು ಕಲ್ಲಿನಲ್ಲಿ, ಬಟ್ಟೆಯ ಚೀಲದಲ್ಲಿ ಉಳಿದು ನಿಮ್ಮ ರಾಗಿಗೆ ಸೇರುತ್ತದೆ. ರಾಗಿಯದು ತಪ್ಪಿಲ್ಲ. ಹೊಸ ಮಿಕ್ಸಿ ಜಾರ್ ಒಂದನ್ನು ಅವನಿಗೇ ಎತ್ತಿಟ್ಟು ಮನೆಯಲ್ಲೇ ಪುಡಿ ಮಾಡಿ. ಇಲ್ಲವೇ ಗ್ಲುಟೆನ್ ಇಲ್ಲವೆಂದು ನಮೂದಿಸಿದ ಪ್ಯಾಕೆಟ್ ತನ್ನಿ.

ಇನ್ನು ಇಂಗು. ಡಬ್ಬಿ ತಿರುಗಿಸಿ ಓದಿ. ಅಂಗಡಿಯ ಇಂಗಿಗೆ ಬಹಳ ಸಲ ಗೋಧಿ ಹಿಟ್ಟೋ ಮೈದಾವೋ ಬೆರೆಸಿರುತ್ತಾರೆ. ದಿನಾ ಸಾರಿನ ಒಗ್ಗರಣೆಗೆ ಬೀಳುತ್ತಲ್ಲ! ಬೇಕಿಂಗ್ ಪೌಡರ್ ಡಬ್ಬಿಯನ್ನೂ ಓದಿ. ಜರಡಿ, ಮರದ ಸೌಟು, ಕೇಕ್ ಅಚ್ಚು ಎಲ್ಲ ಅವನಿಗೇ ಬೇರೆ ಇರಲಿ. ಜರಡಿಯ ಕಣ್ಣಲ್ಲಿ ಕೂತ ಮೈದಾ ಎಷ್ಟು ತೊಳೆದರೂ ಹೋಗುವುದಿಲ್ಲ. ಓವನ್ ಬಿಸಿಗೆ ಸಾಯಲು ಗ್ಲುಟೆನ್ ಕ್ರಿಮಿಯೂ ಅಲ್ಲ.

ನಾನು ಡಾಕ್ಟರಲ್ಲ. ಇದನ್ನೆಲ್ಲ ಸರಿಮಾಡಿ ನೋಡೋಣ ಅಂತ ಕಾಯಬೇಡಿ, ಈ ವಾರವೇ ಡಾಕ್ಟರಿಗೆ ತೋರಿಸಿ. ಬ್ರೆಡ್, ಗಿರಣಿ ಎರಡನ್ನೂ ಮುಚ್ಚಿಡದೆ ಹೇಳಿ.

ರಾಜಾಜಿನಗರ: ಸುಮ್ನೆ ಹೆದರಿಸ್ತೀರಿ. ಖಪ್ಲಿ ಗೋಧಿ ಕೊಡಿ, ಹಳೇ ತಳಿ, ಏನೂ ಆಗಲ್ಲ. ನಮ್ಮಜ್ಜಿ ಕಾಲದಲ್ಲಿ ಯಾವ ಗ್ಲುಟೆನ್ ಇತ್ತು?

ಬೇಕರ್: ಕೊಡಬೇಡಿ. ಖಪ್ಲಿಯೂ ಗೋಧಿಯೇ, ಗ್ಲುಟೆನ್ ಇದೆ.

ಹನುಮಂತನಗರ: ನಿಮ್ಮಜ್ಜಿ ದಿನಾ ತಿಂದಿದ್ದು ಮುದ್ದೆ ಸಾರ್. ಗೋಧಿ ಹಬ್ಬಕ್ಕೆ ಮಾತ್ರ.

ರಾಜಾಜಿನಗರ: ನಮ್ಮದು ವಿಜಯಪುರ. ಮುದ್ದೆ ನುಂಗುವವರು ನೀವು. ನಮ್ಮಜ್ಜಿ ತಿಂದಿದ್ದು ಜೋಳದ ರೊಟ್ಟಿ.

ಹನುಮಂತನಗರ: ಹಾಗಾದ್ರೆ ಖಪ್ಲಿ ಎಲ್ಲಿಂದ ಬಂತು? ಜೋಳದಲ್ಲೂ ಗ್ಲುಟೆನ್ ಇಲ್ಲ. ನಿಮ್ಮ ವಾದಕ್ಕೆ ನೀವೇ ಉಪ್ಪು ಹಾಕಿದ್ರಿ.

ರಾಜಾಜಿನಗರ: ರೊಟ್ಟಿ ತಟ್ಟೋಕೆ ಬರದವರು ಮಾತಾಡಬಾರದು.

ಹನುಮಂತನಗರ: ಮುದ್ದೆ ತೊಳಸೋಕೆ ಬನ್ನಿ, ನೋಡೋಣ.

ವೈಟ್‌ಫೀಲ್ಡ್: ನನಗೂ ಹೊಟ್ಟೆ ಉಬ್ಬರ. ನಾಳೆಯಿಂದ ಗೋಧಿ ಬಿಟ್ಟುಬಿಡಲಾ?

ಬೇಕರ್: ಬಿಡಬೇಡಿ. ಮೊದಲು ರಕ್ತ ಪರೀಕ್ಷೆ. ಗೋಧಿ ಬಿಟ್ಟ ಮೇಲೆ ಮಾಡಿಸಿದರೆ ಸೀಲಿಯಾಕ್ ಇದ್ದರೂ ಸಿಗದೇ ಹೋಗಬಹುದು. ರೊಟ್ಟಿ, ಮುದ್ದೆಯವರು ದಯವಿಟ್ಟು ಬೇರೆ ಕಡೆ ಜಗಳ ಆಡಿ, ಇಲ್ಲಿ ಒಂದು ಮಗು ನರಳುತ್ತಿದೆ.

ಕೋರಮಂಗಲ: ಈ ಮಳೆಗೆ ಎರಡನೇ ದಿನವೇ ಬೂಷ್ಟು.

ಬೇಕರ್: ಬಿಸಿಯಲ್ಲೇ ಮುಚ್ಚಳ ಹಾಕಿದ್ದೀರಿ. ಜಾಲರಿ ಮೇಲೆ ಒಂದು ಗಂಟೆಯಾದರೂ ಆರಿಸಿ. ಬೂಷ್ಟು ಕೆರೆದು ತಿನ್ನಬೇಡಿ, ಎಸೆಯಿರಿ.

ಎಲೆಕ್ಟ್ರಾನಿಕ್ ಸಿಟಿ: 40 ಪೀಸ್‌ಗೆ ಎಷ್ಟಾಗುತ್ತೆ? ಮನೆಗೆ ತಂದುಕೊಡ್ತೀರಾ?

ಮಲ್ಲೇಶ್ವರಂ: ಹಿಟ್ಟನ್ನು 24 ಗಂಟೆ ಹುಳಿ ಬರಿಸಿದರೆ ಗೋಧಿಯ ಗ್ಲುಟೆನ್ ಪೂರ್ತಿ ಹೋಗುತ್ತಂತೆ. ನಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿ ಬಂದಿದೆ. ಅಂದಹಾಗೆ ಕೇಕ್ ಫ್ರಿಜ್‌ನಲ್ಲಿ ಇಡಬಹುದಲ್ವಾ?

ಬೇಕರ್: ಹೋಗುವುದಿಲ್ಲ. ಇಡಬೇಡಿ.

ಮಲ್ಲೇಶ್ವರಂ: ಸ್ವಲ್ಪ ಮರ್ಯಾದೆಯಿಂದ ಹೇಳಬಹುದಿತ್ತು.

ಜಯನಗರ: ಮೂರನೇ ಸಲ ಕೇಳ್ತಿದ್ದೀರಿ, ಮೇಲೆ ಓದೋಕೇನು ಕಷ್ಟ?

ಮಲ್ಲೇಶ್ವರಂ: ನಾನು ಒಂದೇ ಸಲ ಕೇಳಿದ್ದು.

ವಿದ್ಯಾರಣ್ಯಪುರ: ಮೇಡಂ, ಇಂಗಿನ ಡಬ್ಬಿ ನೋಡಿದೆ. ಗೋಧಿ ಹಿಟ್ಟು ಅಂತ ಬರೆದಿದೆ. ಅತ್ತೆ ಡಬ್ಬಿ ಎತ್ತಿ ಆಚೆ ಇಟ್ಟರು. ಬ್ರೆಡ್ ತೆಗೆದು, ಕೇಕನ್ನೂ ಎಸೆದೆ. ಬುಧವಾರ ಡಾಕ್ಟರ್ ಸಿಗುತ್ತಾರೆ. ನಾಳೆ ಪಕ್ಕದ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇದೆ. ಪ್ರಸಾದ ಒಂದು ಚಮಚ ಕೊಟ್ಟರೆ ಪರವಾಗಿಲ್ವಾ? ಬೇಡ ಅಂದರೆ ಅವರಿಗೆ ಬೇಜಾರಾಗುತ್ತೆ.

ಬೇಕರ್: ಸಜ್ಜಿಗೆಯ ರವೆ ಗೋಧಿಯದೇ ಅಮ್ಮಾ. ಅರ್ಧ ಚಮಚವೂ ಬೇಡ. ನೈವೇದ್ಯಕ್ಕಿಟ್ಟ ಬಾಳೆಹಣ್ಣು ಸಿಪ್ಪೆಯ ಸಮೇತ ಕೈಗೆ ಕೊಡಿ ಅಂತ ಇವತ್ತೇ ಅವರ ಮನೆಗೆ ಹೋಗಿ ಹೇಳಿಬನ್ನಿ. ಬುಧವಾರ ಡಾಕ್ಟರ್ ಏನಂದರು ಅಂತ ನನಗೆ ಬರೆಯಿರಿ. ಓವನ್ ಕೂಗುತ್ತಿದೆ, ಹೊರಟೆ.

ಕೆಂಗೇರಿ: ಮೇಡಂ, ಮೊಟ್ಟೆ ಬದಲು?